ಮುದ್ದೆ ತೂಗಿದ ಅಕ್ಕ

ಅವರನ್ನು ನಾನು ಮೊದಲ ಸಲ ನೋಡಿದಾಗ ಅವರು ಒಂದು ಮುದ್ದೆಯನ್ನು ತೂಗುತ್ತಿದ್ದರು. ಚಳ್ಳಕೆರೆಯ ಹಳೇ ಊರಿನ ಒಂದು ಮನೆಯ ಪಡಸಾಲೆ. ಯಜಮಾನರು ಕೈ ತೊಳೆದುಕೊಂಡು ಖಾಲಿ ತಟ್ಟೆಯ ಮುಂದೆ ಕಾಯುತ್ತಿದ್ದರು. ಮನೆಯಾಕೆ ಬಾಗಿಲಿಗೆ ಒರಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ಹಬೆಯಾಡುವ ಮುದ್ದೆ ತಕ್ಕಡಿಯ ಮೇಲಿತ್ತು, ಮುಳ್ಳು ಅಲ್ಲಾಡುತ್ತಿತ್ತು. ಅದು ನಿಲ್ಲುವವರೆಗೂ ಅಕ್ಕ ಅತ್ತಿತ್ತ ನೋಡಲಿಲ್ಲ. ನಿಂತ ಮೇಲೆ ಪುಸ್ತಕದಲ್ಲಿ ಬರೆದುಕೊಂಡು, ಮುದ್ದೆಯನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಗಿಟ್ಟು, "ಉಣ್ರಿ ಯಜಮಾನ್ರೇ, ಆರಿ ಹೋಗ್ತೈತೆ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನೇನಾ ಹೊಸ ಹುಡುಗಿ? ಅಲ್ಲೇ ಯಾಕೆ ನಿಂತಿ, ಬಾ. ಸಾರಿನ ಬಟ್ಲು ಹಿಡ್ಕೋ."

ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡ ಊರಿನ ಸಂಸ್ಥೆಯೊಂದು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಹೃದಯದ ಕಾಯಿಲೆಗೂ ಊಟಕ್ಕೂ ಇರುವ ಸಂಬಂಧ ನೋಡಲು ಒಂದು ಸಂಶೋಧನೆ ಶುರು ಮಾಡಿತ್ತು. ಒಮ್ಮೆ ಎದೆನೋವು ಬಂದು ಹೋದವರು, ಸಕ್ಕರೆ ಕಾಯಿಲೆ ಇದ್ದವರು, ಇಂಥವರನ್ನು ಆರಿಸಿ ಎರಡು ಗುಂಪು ಮಾಡಿದ್ದರು. ಒಂದು ಗುಂಪಿನವರು ಆಗ ಎಲ್ಲ ಡಾಕ್ಟರೂ ಹೇಳುತ್ತಿದ್ದಂತೆ ಎಣ್ಣೆ, ತುಪ್ಪ ಕಡಿಮೆ ಮಾಡಬೇಕು. ಇನ್ನೊಂದು ಗುಂಪಿನವರು ಅನ್ನ, ಮುದ್ದೆ, ಸಕ್ಕರೆ ಇಳಿಸಿ, ಆ ಜಾಗಕ್ಕೆ ಕಾಳು, ಶೇಂಗಾ, ಮೊಸರು, ತಿನ್ನುವವರಾದರೆ ಮೊಟ್ಟೆ ತಿನ್ನಬೇಕು. ತಿಂಗಳಿಗೊಮ್ಮೆ ಡಾಕ್ಟರು ಬಂದು ಇವರನ್ನೆಲ್ಲ ನೋಡುತ್ತಿದ್ದರು, ಮಾತ್ರೆ ಕೊಡುತ್ತಿದ್ದರು. ಮನೆಮನೆಗೆ ಹೋಗಿ ಯಾರು ಏನು, ಎಷ್ಟು ತಿಂದರು ಎಂದು ತೂಗಿ ಬರೆಯುವ ಕೆಲಸ ಅಕ್ಕನದು. ಹೋಂ ಸೈನ್ಸ್ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅವರ ಸಹಾಯಕ್ಕೆ ಸೇರಿದ್ದೆ.

ಅಕ್ಕನ ಹೆಸರು ಬರೆಯುವುದಿಲ್ಲ. ನಮ್ಮ ಪುಸ್ತಕದಲ್ಲೂ ಯಾರ ಹೆಸರೂ ಇರುತ್ತಿರಲಿಲ್ಲ, ನಂಬರು ಮಾತ್ರ. ಹೆಸರು ಹೊರಗೆ ಬರಬಾರದು ಎನ್ನುವುದು ಅವರಿಗೆ ಕಾನೂನಿಗಿಂತ ದೊಡ್ಡ ಮಾತಾಗಿತ್ತು. ಇಲ್ಲಿ ಬರುವ ಇನ್ನಿಬ್ಬರ ಹೆಸರನ್ನು ಬದಲಿಸಿದ್ದೇನೆ.

ಅವರಿಗೆ ಆಗ ನಲವತ್ತರ ಆಸುಪಾಸು. ಊರು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವವರ ಮನೆತನ, ಆದರೆ ಮೈಮೇಲೆ ಸದಾ ನೂಲಿನ ಸೀರೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಸಿಟ್ಟು ಬಂದರೆ ಎರಡೂ ಕೂಡಿ ಬರುತ್ತಿತ್ತು. ಹೆಗಲಿಗೆ ಖಾಕಿ ಚೀಲ, ಅದರಲ್ಲಿ ತಕ್ಕಡಿ, ಅಳತೆ ಬಟ್ಟಲುಗಳು, ಉದ್ದನೆಯ ಪುಸ್ತಕ. ಬಸ್ಸು ಇಳಿದರೆ ಎಷ್ಟು ಬಿರುಸಾಗಿ ನಡೆಯುತ್ತಿದ್ದರೆಂದರೆ, ಅವರಿಗಿಂತ ಹದಿನೆಂಟು ವರ್ಷ ಚಿಕ್ಕವಳಾದ ನಾನು ಹಿಂದಿನಿಂದ ಓಡಬೇಕಾಗುತ್ತಿತ್ತು.

ಶುರುವಿನಲ್ಲಿ ಜನ ನಮ್ಮನ್ನು ಮನೆಯೊಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಉಣ್ಣುವ ಅನ್ನವನ್ನು ತೂಕ ಹಾಕುವುದೆಂದರೇನು? ಮೊಳಕಾಲ್ಮೂರು ಹತ್ತಿರದ ಸಿದ್ದಾಪುರದ ಕಡೆ ಒಬ್ಬ ಅಜ್ಜಿ, "ನನ್ನ ಮಗನ ತುತ್ತು ಎಣಿಸಾಕೆ ಬಂದೀರಾ? ದೃಷ್ಟಿ ಆಗ್ತೈತೆ, ನಡೀರಿ" ಅಂತ ಬಾಗಿಲು ಹಾಕಿಕೊಂಡಳು. ಅಕ್ಕ ವಾದ ಮಾಡಲಿಲ್ಲ. ಜಗಲಿಯ ಮೇಲೆ ಕೂತು ತಮ್ಮ ಬುತ್ತಿ ಬಿಚ್ಚಿದರು. ಅದರಲ್ಲಿದ್ದ ರೊಟ್ಟಿಯನ್ನು ತಕ್ಕಡಿಗೆ ಹಾಕಿ, ಪಲ್ಯವನ್ನೂ ಹಾಕಿ, ಜೋರಾಗಿ ಓದಿ ಹೇಳುತ್ತಾ ಬರೆದುಕೊಂಡು ಉಣ್ಣತೊಡಗಿದರು. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅಜ್ಜಿಯ ದನಿ ಬಂತು: "ಬರೇ ಒಣ ಪಲ್ಯದಾಗೆ ಉಣ್ತೀಯಲ್ಲೇ, ತಡಿ, ಉಪ್ಸಾರು ಕೊಡ್ತೀನಿ." ಬಾಗಿಲು ತೆರೆಯಿತು.

ಯಾರ ಮನೆಯಲ್ಲೂ ಏನು ಕೊಟ್ಟರೂ ಅವರು ಬೇಡ ಎನ್ನುತ್ತಿರಲಿಲ್ಲ. ನಾನು ಸಂಕೋಚಪಟ್ಟರೆ ಬಯ್ಯುತ್ತಿದ್ದರು. "ಉಣ್ಣೋರ ಮುಂದೆ ನಾವು ಬಾಯಿ ಕಟ್ಕಂಡು ಕೂತ್ರೆ ಅವರು ನಿಜ ಹೇಳಲ್ಲ ತಂಗಿ. ನೀನೂ ಒಂದು ತುತ್ತು ತಿಂದ್ರೆ, ನಿನ್ನೆ ಮದುವೆ ಮನೇಲಿ ಎಷ್ಟು ಲಾಡು ತಿಂದೆ ಅಂತ ಅವರೇ ಹೇಳ್ತಾರೆ."

ಚಳ್ಳಕೆರೆಯ ಒಬ್ಬ ಎಣ್ಣೆ ಗಿರಣಿಯ ಯಜಮಾನರು ನಮ್ಮ ಪಟ್ಟಿಯಲ್ಲಿದ್ದರು. ವಿಭೂತಿ ಇಲ್ಲದೆ ಹೊರಗೆ ಬಾರದ, ಭಾರಿ ಮೈಯ ಮನುಷ್ಯ. ಒಮ್ಮೆ ಎದೆ ಹಿಡಿದುಕೊಂಡು ದಾವಣಗೆರೆಯ ಆಸ್ಪತ್ರೆ ಸೇರಿ ಬಂದಿದ್ದರು. ಅಲ್ಲಿ ಎಣ್ಣೆ ಮುಟ್ಟಬೇಡಿ ಎಂದಿದ್ದರಂತೆ. ಅದನ್ನು ಹೇಳಿಕೊಳ್ಳುವಾಗ ಅವರಿಗೆ ಕಣ್ಣಲ್ಲಿ ನೀರು ಬಂತು. "ಮೂರು ತಲೆಮಾರಿಂದ ಶೇಂಗಾ ಎಣ್ಣೆ ತೆಗೀತಾ ಇದೀವಿ ಕಣಮ್ಮ. ಊರಿಗೆಲ್ಲ ನನ್ನ ಎಣ್ಣೆ ಒಗ್ಗರಣೆ, ನನಗೆ ಮಾತ್ರ ನೀರಿನ ಒಗ್ಗರಣೆ!"

ಗುಂಪು ಹಂಚಲು ಚೀಟಿ ಎತ್ತಿದಾಗ ಅವರಿಗೆ ಎರಡನೇ ಗುಂಪು ಬಂತು. ಎಣ್ಣೆ ಇರಬಹುದು, ಅನ್ನ ಇಳಿಯಬೇಕು. ಮೊದಲು ಕುಣಿದಾಡುವಷ್ಟು ಖುಷಿ. ಮೂರನೇ ದಿನ ಮುಖ ಬಾಡಿತು. ಅವರ ಲೆಕ್ಕದಲ್ಲಿ ಸಾರಿಗೊಂದು ಸಲ, ಹುಳಿಗೊಂದು ಸಲ, ಮಜ್ಜಿಗೆಗೊಂದು ಸಲ ಅನ್ನ ಬೀಳದಿದ್ದರೆ ಅದು ಊಟವೇ ಅಲ್ಲ. ಅಕ್ಕ ಅವರಿಗೆ ಯಾವತ್ತೂ ಬಿಡಿ ಎನ್ನಲಿಲ್ಲ. ಅವರ ಬಾಯಲ್ಲಿ ಒಂದೇ ಮಾತು: "ಮುದ್ದೆ ಸಣ್ಣದಾಗ್ಲಿ, ಸಾರು ಗಟ್ಟಿಯಾಗ್ಲಿ." ಮುದ್ದೆಯವರಿಗೂ ಅದೇ, ಅನ್ನದವರಿಗೂ ಅದೇ. ಸಾರಿನಲ್ಲಿ ಕಾಳು, ಸೊಪ್ಪು ಹೆಚ್ಚಾದಷ್ಟು ತಟ್ಟೆಯ ಮುದ್ದೆ ತಾನಾಗಿ ಕರಗುತ್ತದೆ ಎನ್ನುವುದು ಅವರ ನಂಬಿಕೆ.

ಇದರಿಂದ ಹೃದಯಕ್ಕೆ ಒಳ್ಳೆಯದೇ ಆಗುತ್ತದಾ ಎಂದು ಯಾರಾದರೂ ಕೇಳಿದರೆ ಮಾತ್ರ ಅವರು ತಲೆ ಅಲ್ಲಾಡಿಸುತ್ತಿದ್ದರು. "ಗೊತ್ತಿಲ್ಲ. ಗೊತ್ತಿಲ್ಲ ಅಂತ್ಲೇ ನಾವು ತೂಗ್ತಾ ಇರೋದು." ತಿಂಗಳಿಗೊಮ್ಮೆ ಬರುತ್ತಿದ್ದ ದೊಡ್ಡ ಡಾಕ್ಟರು ಒಂದು ದಿನ ಇದನ್ನು ಕೇಳಿಸಿಕೊಂಡು, "ನಮ್ಮ ಕಾಲೇಜಿನಲ್ಲಿ ಇಷ್ಟು ಧೈರ್ಯವಾಗಿ ಗೊತ್ತಿಲ್ಲ ಅನ್ನೋರು ಯಾರೂ ಇಲ್ಲ" ಎಂದು ನಕ್ಕಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ಮೇಲ್ವಿಚಾರಕರಿಗೂ ಜಗಳ. ನಮ್ಮ ಪಟ್ಟಿಯಲ್ಲಿ ಹೆಚ್ಚೂಕಡಿಮೆ ಎಲ್ಲರೂ ಗಂಡಸರು. ಅಕ್ಕ ಗಂಡಸಿನ ಊಟ ತೂಗಿ ಬರೆದು, ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸುತ್ತಿದ್ದರು: "ಮನೆಯಾಕೆ: ಅರ್ಧ ಮುದ್ದೆ, ಪಾತ್ರೆಯ ತಳದ ಸಾರು, ಕಾಳು ಇಲ್ಲ." ಮೇಲ್ವಿಚಾರಕರು ಕೆಂಪು ಮಸಿಯಲ್ಲಿ ಅದನ್ನು ಹೊಡೆದು ಹಾಕುತ್ತಿದ್ದರು. ಮುಂದಿನ ವಾರ ಮತ್ತೆ ಅದೇ ಸಾಲು. "ಕೇಳದೇ ಇರೋದನ್ನ ಯಾಕಮ್ಮ ಬರೀತೀರಾ?" ಎಂದು ರೇಗಿದರೆ, "ಕಣ್ಣಿಗೆ ಕಂಡೈತಲ್ಲ ಸಾರ್" ಅನ್ನುತ್ತಿದ್ದರು.

ಅವರು ಈ ಕೆಲಸಕ್ಕೆ ಯಾಕೆ ಬಂದರೆಂದು ನನಗೆ ತಿಳಿದದ್ದು ಸೇರಿದ ಎಂಟು ತಿಂಗಳ ಮೇಲೆ. ಮೊಳಕಾಲ್ಮೂರು ದಾರಿಯ ಹಾನಗಲ್ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುತ್ತಾ ಹುಣಸೆಮರದ ಕೆಳಗೆ ಕೂತಿದ್ದೆವು. ಗಾಳಿ ಬೀಸಿ ಧೂಳು ಎದ್ದಿತ್ತು. ಅಕ್ಕ ತಾವಾಗಿಯೇ ಹೇಳಿದರು.

"ನಮ್ಮ ಯಜಮಾನ್ರು ಮಗ್ಗದಾಗೇ ಹೋದ್ರು. ಗುಣಿಯೊಳಗೆ ಕಾಲು ಬಿಟ್ಕಂಡು ಕೂತಿದ್ದೋರು ಹಂಗೇ ಮುಂದಕ್ಕೆ ಬಾಗಿದ್ರು. ಲಾಳಿ ಬಿತ್ತೇನೋ, ಎತ್ಕೊಳ್ತಾರೆ ಅಂತ ನೋಡ್ತಾ ಇದ್ದೆ ನಾನು. ಏಳಲೇ ಇಲ್ಲ. ಎತ್ಕಂಡು ಆಸ್ಪತ್ರೆಗೆ ಹೋದ್ವಿ. ಅಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಒಳ್ಳೆಯೋನು, ಕೇಳ್ದ. ಬೀಡಿ ಸೇದ್ತಿದ್ರಾ ಅಂತ. ಇಲ್ಲ ಅಂದೆ. ಕುಡೀತಿದ್ರಾ? ಇಲ್ಲ. ಊಟ ಏನು ಮಾಡ್ತಿದ್ರು, ಎಷ್ಟು ಮಾಡ್ತಿದ್ರು ಅಂದ. ತಂಗಿ, ಹದಿನಾರು ವರ್ಷ ದಿನಾ ಮೂರು ಹೊತ್ತು ನಾನೇ ಬಡಿಸಿದ್ದು. ಎಷ್ಟು ಅಂತ ಕೇಳಿದ್ರೆ ಬಾಯೇ ಬರ್ಲಿಲ್ಲ ನನಗೆ. ಅನ್ನ ಅಂದೆ. ಎಷ್ಟು ಅನ್ನ? ಹೊಟ್ಟೆ ತುಂಬ ಅಂದೆ. ಅವನು ಬರೆದ್ಕಳ್ಳೋಕೆ ತೆಗೆದ ಪೆನ್ನು ಮತ್ತೆ ಜೇಬಿಗೆ ಇಟ್ಕಂಡ."

ಬಸ್ಸು ಬಂತು. ಕೂತ ಮೇಲೆ ಅವರು ಮತ್ತೆ ಆ ಮಾತೆತ್ತಲಿಲ್ಲ. ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಅವರೇಕೆ ಹಾಗೆ ಕಾಯುತ್ತಾರೆಂದು ನನಗೆ ಆಗ ತಿಳಿಯಿತು.

ತಿಪ್ಪೇಸ್ವಾಮಿ ಎಂದು ಕರೆಯುತ್ತೇನೆ, ಮೊಳಕಾಲ್ಮೂರಿನ ಇನ್ನೊಬ್ಬ ನೇಕಾರರು. ಅಕ್ಕನ ಗಂಡನ ಜೊತೆ ಒಂದೇ ಮನೆಯಲ್ಲಿ ಮಗ್ಗ ಕಲಿತವರು. ಹೆಂಡತಿ ಇರಲಿಲ್ಲ, ಒಬ್ಬಳೇ ಮಗಳು ಸರೋಜ, ರಾಯದುರ್ಗಕ್ಕೆ ಕೊಟ್ಟಿದ್ದರು. ಅವರಿಗೆ ಎರಡು ಸಲ ಎದೆನೋವು ಬಂದು ಹೋಗಿತ್ತು. ಪಟ್ಟಿಗೆ ಸೇರಿಸಲು ಅಕ್ಕ ಅವರ ಬೆನ್ನು ಬಿದ್ದಿದ್ದರು. "ಬಾವಾ, ನೀವು ಸೇರ್ಲೇಬೇಕು. ತಿಂಗಳಿಗೊಂದು ಸಲ ಡಾಕ್ಟರು ನೋಡ್ತಾರೆ, ಅದಾದ್ರೂ ಆಗ್ಲಿ."

ಅವರಿಗೂ ಎರಡನೇ ಗುಂಪೇ ಬಂತು. ಬಡವರ ಮನೆಗಳಿಗೆ ಮೊಟ್ಟೆ, ಶೇಂಗಾ, ಕಾಳನ್ನು ಸಂಸ್ಥೆಯೇ ಕೊಡುತ್ತಿತ್ತು. ನಾಲ್ಕು ತಿಂಗಳು ತಿಪ್ಪೇಸ್ವಾಮಿ ನಮ್ಮ ಅತ್ಯಂತ ಅಚ್ಚುಕಟ್ಟಿನ ಮನುಷ್ಯ. ಮಧ್ಯಾಹ್ನ ನಾವು ಹೋದರೆ ಮಗ್ಗದಿಂದ ಎದ್ದು, ಚಿಕ್ಕ ಬಟ್ಟಲು ಅನ್ನವನ್ನು ತಾವೇ ತಂದು ತಕ್ಕಡಿಯ ಮೇಲಿಟ್ಟು, "ಚೂಡಮ್ಮಾ, ನೋಡು, ನಿನ್ನೆಗಿಂತ ಒಂದು ಕಾಳು ಜಾಸ್ತಿ ಇದ್ರೆ ಕೇಳು" ಎಂದು ನಗುತ್ತಿದ್ದರು. ಉಸಿರು ಹಗುರಾಗಿದೆ, ಸಂಜೆವರೆಗೆ ನೇಯಬಲ್ಲೆ ಎನ್ನುತ್ತಿದ್ದರು.

ಅವರು ಪಟ್ಟಿ ಸೇರಿದ ಐದನೇ ತಿಂಗಳಿಗೆ ಸರೋಜ ಹೆರಿಗೆಗೆಂದು ಬಂದಳು. ಬಿಳಿಚಿಕೊಂಡ ಮುಖ, ಊದಿದ ಕಾಲು. ಗಂಡನ ಮನೆಯಲ್ಲಿ ಅವಳಿಗೆ ಸರಿಯಾಗಿ ಊಟವೇ ಸಿಕ್ಕಿಲ್ಲವೆಂದು ನೋಡಿದರೆ ಗೊತ್ತಾಗುತ್ತಿತ್ತು.

ಮುಂದಿನ ವಾರ ನಾವು ಹೇಳದೆ ಹೋದೆವು. ಹಾಗೆ ಆಗಾಗ ಹೋಗಬೇಕೆಂಬ ಪದ್ಧತಿಯಿತ್ತು. ತಿಪ್ಪೇಸ್ವಾಮಿ ಅಡುಗೆಮನೆಯಲ್ಲಿ ಮೊಟ್ಟೆ ಸುಲಿಯುತ್ತಾ ಕೂತಿದ್ದರು. ಸುಲಿದದ್ದನ್ನು ಒಂದೊಂದಾಗಿ ಮಗಳ ತಟ್ಟೆಗೆ ಇಡುತ್ತಿದ್ದರು. ಅವಳು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಳು. ಅವರ ತಟ್ಟೆಯಲ್ಲಿ ಗುಡ್ಡೆ ಅನ್ನ, ತಿಳಿ ಸಾರು. ನಮ್ಮನ್ನು ನೋಡಿ ಅವರ ಕೈ ಅಲ್ಲೇ ನಿಂತಿತು.

"ಎಷ್ಟು ದಿನದಿಂದ ಬಾವಾ?" ಅಕ್ಕ ಮೆಲ್ಲಗೆ ಕೇಳಿದರು.

"ಅವಳು ಬಂದಾಗಿಂದ." ಅವರೂ ಮೆಲ್ಲಗೇ ಹೇಳಿದರು. "ಇದು ನನ್ನ ಪಾಲಿಂದು ಅಂತ ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಯೋರು ಬಸುರಿಗೆ ಅಂತ ಕೊಡ್ತಾರೆ ಅಂದಿದ್ದೀನಿ. ಹೇಳ್ಬೇಡ. ನಿನ್ನ ದಮ್ಮಯ್ಯ, ಹೇಳ್ಬೇಡ. ಗೊತ್ತಾದ್ರೆ ತಿನ್ನಲ್ಲ ಅವಳು."

"ನಾನು ಬೇರೆ ಮೊಟ್ಟೆ ತಂದ್ಕೊಡ್ತೀನಿ ಅವಳಿಗೆ. ಇವನ್ನ ನೀವು ತಿನ್ರಿ."

"ತಂದ್ರೆ ಅವನ್ನೂ ಅವಳಿಗೇ ಹಾಕ್ತೀನಿ ಕಣಮ್ಮಾ. ಎರಡು ಜೀವ ಐತೆ ಅಲ್ಲಿ."

ಅಕ್ಕ ತಕ್ಕಡಿ ಹೊರಗೆ ತೆಗೆದರು. ಅವರ ಅನ್ನ ತೂಗಿದರು. ಬರೆದರು. ಮೊಟ್ಟೆಯ ಕಾಲಮ್ಮಿನಲ್ಲಿ ಸೊನ್ನೆ. ಶೇಂಗಾದಲ್ಲಿ ಸೊನ್ನೆ. ಕಾಳಿನಲ್ಲಿ ಸೊನ್ನೆ.

ದಾರಿಯಲ್ಲಿ ನಾನು ಕೇಳಿದೆ. "ಅಕ್ಕಾ, ಒಂದು ತಿಂಗಳು ತಾನೇ? ಹೆರಿಗೆ ಆದ್ಮೇಲೆ ಅವರು ಮತ್ತೆ ತಿಂತಾರೆ. ತಿಂದ್ರು ಅಂತ ಬರೆದ್ಬಿಡಿ. ಯಾರಿಗೆ ಗೊತ್ತಾಗುತ್ತೆ?"

ಅವರು ನಡಿಗೆ ನಿಲ್ಲಿಸಿದರು. "ತಂಗಿ, ತಿಂದ್ರು ಅಂತ ಬರೀತೀನಿ ಅಂತಿಟ್ಕೋ. ಮುಂದಿನ ತಿಂಗಳು ಅವರ ರಕ್ತ ತೆಗೀತಾರೆ. ಅದು ಕೆಟ್ಟಿರುತ್ತೆ. ಆಗ ಡಾಕ್ಟರು ಏನಂತಾರೆ? ಮೊಟ್ಟೆ, ಶೇಂಗಾ ತಿಂದೂ ಅನ್ನ ಬಿಟ್ಟೂ ಇವನಿಗೆ ಏನೂ ಗುಣ ಆಗಿಲ್ಲ, ಈ ಊಟದಾಗೆ ಏನೂ ಇಲ್ಲ ಅಂತಾರೆ. ಅದನ್ನ ಎಲ್ಲೋ ಅಚ್ಚು ಹಾಕ್ತಾರೆ. ಯಾವುದೋ ಊರಾಗೆ ಯಾರೋ ಹೆಂಗ್ಸು ಅದನ್ನ ನಂಬಿ ಗಂಡನಿಗೆ ಬಡಿಸ್ತಾಳೆ." ಅವರು ಚೀಲವನ್ನು ಹೆಗಲಿಗೆ ಎಳೆದುಕೊಂಡರು. "ನಾನು ಬರೆಯೋದನ್ನ ಅವಳು ನಂಬ್ತಾಳೆ ತಂಗಿ."

ಪುಸ್ತಕವನ್ನು ಚಳ್ಳಕೆರೆಯ ಆಫೀಸಿಗೆ ಮುಟ್ಟಿಸುವುದು ನನ್ನ ಕೆಲಸ. ಮೇಲ್ವಿಚಾರಕರು ಆ ಪುಟದಲ್ಲಿ ಬೆರಳಿಟ್ಟು, "ಇದು ನಿಜಾನಾ? ನೀನೂ ನೋಡಿದೆಯಾ?" ಎಂದು ಕೇಳಿದರು. ಹೌದು ಸಾರ್ ಎಂದೆ. ಈ ಮಾತನ್ನು ಇಲ್ಲಿ ಬರೆಯದೆ ಬಿಟ್ಟರೆ ಅಕ್ಕನ ಚಿತ್ರ ಬರೆಯುವ ಯೋಗ್ಯತೆ ನನಗಿಲ್ಲ.

ಇನ್ನೆರಡು ವಾರವೂ ಸೊನ್ನೆಯೇ ಬಂತು. ನಿಯಮದ ಪ್ರಕಾರ ತಿಪ್ಪೇಸ್ವಾಮಿಯ ನಂಬರನ್ನು ಪಟ್ಟಿಯಿಂದ ತೆಗೆದರು. ಅದರ ಜೊತೆಗೆ ತಿಂಗಳ ತಪಾಸಣೆಯೂ ಹೋಯಿತು, ಮಾತ್ರೆಯೂ ಹೋಯಿತು. ಹೀಗಾಗುತ್ತದೆಂದು ಅಕ್ಕ ಎಣಿಸಿರಲಿಲ್ಲ. ಅವತ್ತು ಅವರು ಆಫೀಸಿನಲ್ಲಿ ಮೇಲ್ವಿಚಾರಕರ ಮೇಜಿನ ಮುಂದೆ ನಿಂತು ಬೇಡಿದ್ದನ್ನು ನಾನು ನೋಡಿದ್ದೇನೆ. ನಂಬರು ತೆಗೀರಿ ಸಾರ್, ಲೆಕ್ಕಕ್ಕೆ ಹಿಡೀಬೇಡಿ, ಆದ್ರೆ ನೋಡೋದು ನಿಲ್ಲಿಸ್ಬೇಡಿ ಎಂದರು. ಮೇಲ್ವಿಚಾರಕರು ಕೆಟ್ಟವರೇನಲ್ಲ. "ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತಮ್ಮ. ಸರ್ಕಾರಿ ಆಸ್ಪತ್ರೆ ಐತಲ್ಲ" ಎಂದರು. ದೊಡ್ಡ ಡಾಕ್ಟರು ಆ ತಿಂಗಳು ಬರಲೇ ಇಲ್ಲ.

ಸರ್ಕಾರಿ ಆಸ್ಪತ್ರೆಗೆ ಬನ್ನಿ ಎಂದು ಅಕ್ಕ ತಿಪ್ಪೇಸ್ವಾಮಿಗೆ ಹೇಳಿ ಹೇಳಿ ಸೋತರು. ಬರ್ತೀನಿ ಬರ್ತೀನಿ ಎನ್ನುತ್ತಿದ್ದರು ಅವರು. ಮಗ್ಗದ ಮೇಲೆ ಮದುವೆ ಸೀರೆ ಇತ್ತು. ಸರೋಜಳಿಗೆ ಗಂಡುಮಗು ಆಯಿತು. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಅಜ್ಜನಾದ ಸಂಭ್ರಮದಲ್ಲಿ ಅವರು ನಮಗೂ ಸಕ್ಕರೆ ಹಂಚಿ, ತಾವೂ ಬಾಯಿಗೆ ಹಾಕಿಕೊಂಡು, ಅಕ್ಕನ ಮುಖ ನೋಡಿ, "ಇದನ್ನೂ ಬರ್ಕೋತೀಯಾ?" ಎಂದರು. ಅಕ್ಕ ನಗಲಿಲ್ಲ. ಮಗ್ಗದಿಂದ ಸೀರೆ ಇಳಿದ ಮಾರನೇ ಸೋಮವಾರ ಚಳ್ಳಕೆರೆಗೆ ಬರುವುದಾಗಿ ತಿಪ್ಪೇಸ್ವಾಮಿ ಮಗುವಿನ ತಲೆ ಮುಟ್ಟಿ ಹೇಳಿದರು.

ಸೋಮವಾರ ಬೆಳಗ್ಗೆ ನಾವಿಬ್ಬರೂ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಸರ್ಕಾರಿ ಆಸ್ಪತ್ರೆಯಲ್ಲಿ ಅಕ್ಕ ಚೀಟಿ ಬರೆಸಿ ಇಟ್ಟಿದ್ದರು. ಒಂಬತ್ತರ ಬಸ್ಸು ಬಂತು, ಅವರಿರಲಿಲ್ಲ. ಹತ್ತರದು ಬಂತು. ಕಂಬಳಿ ಗಂಟು ಹೊತ್ತವರು ಇಳಿದರು, ಶೇಂಗಾ ಚೀಲದವರು ಇಳಿದರು. ಕೊನೆಯವನು ಇಳಿದ ಮೇಲೂ ಅಕ್ಕ ಫುಟ್‌ಬೋರ್ಡ್ ಹತ್ತಿ ಒಳಗೆ ಇಣುಕಿ ಬಂದರು. ಹನ್ನೊಂದರ ಬಸ್ಸಿನ ಕಂಡಕ್ಟರು ಅಕ್ಕನಿಗೆ ಪರಿಚಯ. ಅವನು ಇಳಿದವನೇ ನಮ್ಮ ಹತ್ತಿರ ಬಂದು ಟೋಪಿ ತೆಗೆದ.

"ನಿಮ್ಮೋರಾ ಅಕ್ಕಾ ಅವರು? ಹಾನಗಲ್ ಕ್ರಾಸಿನಾಗೆ ಒಬ್ಬರು ಬಸ್ಸಿಗೆ ಕಾಯ್ತಾ ಕುಸಿದು ಬಿದ್ರು. ಬಿಳೀ ಪಂಚೆ, ಕೈಯಾಗೆ ನಿಮ್ಮ ಡಾಕ್ಟರ ಹಳೇ ಚೀಟಿ. ಜನ ನೀರು ಹಾಕಿದ್ರು. ಹೋಗ್ಬಿಟ್ಟಿದ್ರು."

ಅಕ್ಕ ಕೇಳಿದ್ದು ಒಂದೇ. "ಬೆಳಗ್ಗೆ ಏನಾದ್ರೂ ತಿಂದಿದ್ರಂತಾ?" ಅವನಿಗೆ ಏನು ಗೊತ್ತು? ನಾನು ಅವರ ಕೈ ಹಿಡಿದುಕೊಂಡೆ.

ಹನ್ನೊಂದನೇ ದಿನಕ್ಕೆ ಹೋಗಿದ್ದೆವು. ಮನೆ ತುಂಬ ಜನ, ಎಲ್ಲರೂ ತೆಲುಗಿನಲ್ಲಿ ಮಾತಾಡುತ್ತಿದ್ದರು. ಸರೋಜ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮಗ್ಗದ ಪಕ್ಕದ ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ಅವಳ ಮುಂದೆ ಕೂತರು. ಅವಳು ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು.

"ಅತ್ತೇ, ಒಂದು ಕೇಳ್ಲಾ? ಚಿಕ್ಕಪ್ಪ ಹೇಳಿದ್ರು. ಆ ಮೊಟ್ಟೆ, ಶೇಂಗಾ ಎಲ್ಲ ಅಪ್ಪನ ಎದೆನೋವಿಗೆ ಅಂತ ಕೊಡ್ತಿದ್ದದ್ದಂತೆ. ನನಗಲ್ಲವಂತೆ. ಹೌದಾ?"

ಅಕ್ಕ ಮಗುವಿನ ಮೇಲಿನ ಬಟ್ಟೆ ಸರಿಮಾಡಿದರು.

"ದಿನಾ ತಿಂದಿದ್ದೀನತ್ತೇ ನಾನು. ಎರಡೆರಡು. ಅಪ್ಪನ ಔಷಧಿ ನಾನು ತಿಂದ್ಬಿಟ್ನಾ?"

ಸುತ್ತ ಇದ್ದವರೂ ಇತ್ತ ತಿರುಗಿದ್ದರು. ಅಕ್ಕ ಕೈ ಚಾಚಿ ಮಗುವಿನ ಕಾಲನ್ನು ಹಿಡಿದುಕೊಂಡರು. ಆಮೇಲೆ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ.

"ಇಲ್ಲಮ್ಮ. ನಿನಗೆ ಬೇರೆ ಕೊಡ್ತಿದ್ವಿ, ಅವರಿಗೆ ಬೇರೆ ಕೊಡ್ತಿದ್ವಿ. ಅವರ ಪಾಲಿಂದು ಅವರು ತಿಂದಿದ್ದಾರೆ. ನಾನೇ ತೂಗಿದ್ದೀನಲ್ಲ. ನನ್ನ ಪುಸ್ತಕದಾಗೆ ಬರೆದೈತೆ, ಒಂದು ದಿನಾನೂ ತಪ್ಪಿಲ್ಲ."

ಸರೋಜ ಅವರ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅವರ ತೊಡೆಯ ಮೇಲೆ ತಲೆಯಿಟ್ಟು ಮತ್ತೆ ಅಳತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ತಳಕು ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ, "ಪುಸ್ತಕದ ಹೆಸರು ಹೇಳಿ ಸುಳ್ಳು ಹೇಳಿದೆ" ಎಂದರು. ನಾನು ಸಮಾಧಾನದ ಮಾತೇನೋ ಆಡಿದೆ. ಅವರಿಗೆ ಕೇಳಿಸಲಿಲ್ಲವೋ ಏನೋ. ಮಾರನೇ ದಿನ ತಕ್ಕಡಿಯನ್ನು ತೊಳೆದು ಒರೆಸಿ, ಬಟ್ಟಲುಗಳನ್ನು ಎಣಿಸಿ ಆಫೀಸಿನಲ್ಲಿ ಇಟ್ಟರು. ಮೇಲ್ವಿಚಾರಕರು ಎಷ್ಟು ಹೇಳಿದರೂ ಕೇಳಲಿಲ್ಲ. ಕೆಲಸ ಬಿಡುವ ಕಾರಣ ಬರೆಯಿರಿ ಎಂದಾಗ ಮನೆಯ ತೊಂದರೆ ಎಂದು ಬರೆದರು. ಬಾಗಿಲ ಹೊರಗೆ ನನಗೆ ಮಾತ್ರ ಹೇಳಿದರು: "ಒಂದು ಸಲ ಬಾಯಲ್ಲಿ ಬಂದದ್ದು ನಾಳೆ ಕೈಯಲ್ಲೂ ಬರ್ತೈತೆ ತಂಗಿ. ಇನ್ಮೇಲೆ ನಾನು ಬರೆದದ್ದನ್ನ ಯಾರೂ ನಂಬಬಾರದು."

ನನಗೆ ಆಗ ಅದು ಅತಿ ಎನಿಸಿತ್ತು. ಮುಳ್ಳು ನಿಲ್ಲುವವರೆಗೆ ಕಾಯುವ ಕೈ ಹೀಗೆ ಸುಮ್ಮನೆ ಹೋಗಬೇಕೇ ಎಂದು ಸಿಟ್ಟೂ ಬಂದಿತ್ತು.

ಮುಂದಿನ ವರ್ಷ ಆ ಕೆಲಸವೂ ನಿಂತಿತು. ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಜೀಪಿನಲ್ಲಿ ಒಯ್ದರು. ಅದರಿಂದ ಏನು ತಿಳಿಯಿತು, ಯಾವ ಗುಂಪಿಗೆ ಒಳ್ಳೆಯದಾಯಿತು ಎಂದು ನಮಗೆ ಯಾರೂ ಹೇಳಲಿಲ್ಲ. ಗಿರಣಿಯ ಯಜಮಾನರು ರಸ್ತೆಯಲ್ಲಿ ಸಿಕ್ಕಾಗಲೆಲ್ಲ, "ಏನಮ್ಮಾ, ನಾನು ಪಾಸೋ ಫೇಲೋ?" ಎಂದು ಕೇಳುತ್ತಿದ್ದರು. ನಾನು ಬಿ.ಎಡ್. ಮಾಡಿ ಚಳ್ಳಕೆರೆಯಲ್ಲೇ ಶಾಲೆ ಸೇರಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪತ್ರಿಕೆಗಳಲ್ಲಿ ಬೇರೆ ಮಾತು ಬರತೊಡಗಿತು. ಬರೀ ಎಣ್ಣೆಯನ್ನು ದೂರಿದರೆ ಸಾಲದು, ಅನ್ನ, ಮೈದಾ, ಸಕ್ಕರೆಯನ್ನೂ ನೋಡಬೇಕು ಎಂದು ಕೆಲವರು, ಅದು ಇನ್ನೂ ಖಚಿತವಿಲ್ಲ ಎಂದು ಇನ್ನು ಕೆಲವರು. ಅಂಥದ್ದೊಂದು ತುಣುಕನ್ನು ಕತ್ತರಿಸಿಕೊಂಡು ಮೊಳಕಾಲ್ಮೂರಿಗೆ ಹೋದೆ. ಅಕ್ಕ ಆಗ ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. ಕನ್ನಡಕ ಹುಡುಕಿ ಹಾಕಿಕೊಂಡು ಎರಡು ಸಲ ಓದಿದರು.

"ಇನ್ನೂ ಜಗಳಾನೇ ನಡೀತೈತೆ" ಎಂದರು. ತುಣುಕನ್ನು ಮಡಿಸಿ ನನಗೆ ಕೊಡುತ್ತಾ ಹೇಳಿದರು, "ನಮ್ಮ ಯಜಮಾನ್ರು ಎಷ್ಟು ಉಣ್ತಿದ್ರು ಅಂತ ಈಗ ನಾನು ಹೇಳಬಲ್ಲೆ ತಂಗಿ. ಆ ತಟ್ಟೆ, ಆ ಸೌಟು ಎಲ್ಲ ನೆಪ್ಪೈತೆ. ಕಣ್ಣು ಮುಚ್ಕಂಡು ಲೆಕ್ಕ ಹಾಕಿದ್ದೀನಿ. ಈಗ ಕೇಳೋರಿಲ್ಲ."

ಅವರ ಸಾವಿನ ಸುದ್ದಿ ನನಗೆ ಮುಟ್ಟಿದ್ದು ಎರಡು ದಿನ ತಡವಾಗಿ. ವಾರದಿಂದ ಸುಸ್ತು, ದವಡೆ ನೋವು, ಬೆನ್ನಲ್ಲಿ ಸೆಳೆತ ಎನ್ನುತ್ತಿದ್ದರಂತೆ. ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟಿದ್ದರಂತೆ. ಹೆಂಗಸರ ಎದೆಯ ಕಾಯಿಲೆ ಕೆಲವು ಸಲ ಎದೆಯಲ್ಲಿ ನೋಯುವುದಿಲ್ಲ ಎಂದು ನಾನು ಓದಿ ತಿಳಿದದ್ದು ಆಮೇಲೆ. ಒಂದು ಸಂಜೆ ಕುಚ್ಚು ಕಟ್ಟುತ್ತಾ, ಸೂಜಿ ಬೆರಳಲ್ಲಿ ಇರುವಾಗಲೇ ಹೋದರು.

ನಾನು ಹೋದಾಗ ಮನೆಯಲ್ಲಿ ಇದ್ದವಳು ಸರೋಜ. ಗಂಡನನ್ನು ಬಿಟ್ಟು ಊರಿಗೇ ಬಂದು ಅಪ್ಪನ ಮಗ್ಗ ನಡೆಸುತ್ತಿದ್ದಾಳೆ, ದಿನಾ ಸಂಜೆ ಬಂದು ಅಕ್ಕನ ಜೊತೆ ಕೂತು ಹೋಗುತ್ತಿದ್ದಳು ಎಂದು ಪಕ್ಕದ ಮನೆಯವರು ಹೇಳಿದರು. ಕೊನೆಗೆ ಅಕ್ಕನ ತಲೆ ಇದ್ದದ್ದೂ ಅವಳ ತೊಡೆಯ ಮೇಲೇ. ಅವಳು ನನಗೆ ನೀರು ಕೊಟ್ಟು ಎದುರು ಕೂತಳು. ಏನೋ ಮಾತಾಡಬೇಕಲ್ಲ ಎಂದು, "ನಿಮ್ಮಪ್ಪನ್ನ ಕಂಡ್ರೆ ಅಕ್ಕಂಗೆ ತುಂಬ ಪ್ರೀತಿ" ಎಂದೆ.

"ಗೊತ್ತು" ಅಂದಳು. "ಪುಸ್ತಕದಾಗೆ ಬರೆದೈತೆ ಅಂದ್ರಲ್ಲ ಅವತ್ತು. ಅದು ಸುಳ್ಳು ಅಂತ ನನಗೆ ಅವತ್ತೇ ಗೊತ್ತಾಯ್ತು. ಹೇಳುವಾಗ ಅವರು ನನ್ನ ಮುಖ ನೋಡ್ಲಿಲ್ಲ. ಮಗಿನ ಕಾಲು ನೋಡ್ತಿದ್ರು."

"ಇಷ್ಟು ವರ್ಷ ನೀನು ಜೊತೇಲಿದ್ದೆ, ಅಕ್ಕಂಗೆ ಹೇಳಬೇಕಿತ್ತಲ್ಲಮ್ಮ" ಎಂದೆ.

"ಹೆಂಗೆ ಹೇಳ್ಲಿ? ನನ್ನ ಸಲುವಾಗಿ ಅಷ್ಟು ಕಷ್ಟಪಟ್ಟು ಹೇಳಿದ್ರು. ನಾನು ನಂಬಿದ್ದೀನಿ ಅಂತ ಅವರಿಗೊಂದು ನೆಮ್ಮದಿ ಇತ್ತು. ಅದನ್ನೂ ಕಿತ್ಕಳ್ಳಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದು ಮಾತು ಹೇಳಿದ್ರು ಅಷ್ಟೇ ಬಿಡ್ರಿ. ಅದ್ರಿಂದ ಅವರಿಗೇನೂ ನಷ್ಟ ಆಗ್ಲಿಲ್ಲವಲ್ಲ?"

ನಾನು ನೀರು ಕುಡಿದೆ. ಇಲ್ಲಮ್ಮ, ಏನೂ ಆಗಲಿಲ್ಲ ಎಂದೆ.